ಕನ್ಯಾ ನೋಡಲು ಬಂದವರಿಗೆ ಹಾಗಲಕಾಯಿ

ತರಕಾರಿ ಆರಿಸುವ ವಿದ್ಯೆಯಲ್ಲಿ ಗದಗ-ಬೆಟಗೇರಿಗೆಲ್ಲ ನಾನೇ ಪಂಡಿತನೆಂದು ನಂಬಿದ್ದ ಕಾಲವದು. ತಂಗಿ ವತ್ಸಲಾಳನ್ನು ನೋಡಲು ಲಕ್ಷ್ಮೇಶ್ವರದಿಂದ ಗಂಡಿನ ಕಡೆಯವರು ಊಟಕ್ಕೇ ಬರುವವರಿದ್ದರು. ಮೊದಲೇ ಎರಡು ಸಂಬಂಧ ಮುರಿದಿದ್ದವು. ಇದಾದರೂ ಕೂಡಲಿ ಎಂದು ಅಪ್ಪ ಊರ ದೇವರಿಗೆಲ್ಲ ಹರಕೆ ಹೊತ್ತಿದ್ದರು.

"ಹೂಕೋಸು, ಬಟಾಟಿ, ಟೊಮೆಟೊ ತರ್ರಿ. ನಿಮ್ಮ ತಲಿ ಓಡಸಬ್ಯಾಡ್ರಿ," ಎಂದಳು ಹೆಂಡತಿ.

ಓಡಿಸಿದೆ! ಹಿಂದಿನ ದಿನವಷ್ಟೇ ರೇಡಿಯೋದಲ್ಲಿ ವೈದ್ಯರೊಬ್ಬರು ನಾಡ ತರಕಾರಿಯ ಮಹಿಮೆ ಹೇಳಿದ್ದರು. ಹೂಕೋಸು ಯಾರ ಮನೆಯಲ್ಲಿಲ್ಲ? ನಮ್ಮ ಮನೆತನದ ಘನತೆ ಎಲೆಯ ಮೇಲೆ ಕಾಣಬೇಡವೇ? ಪೇಟೆಯಲ್ಲಿ ತರಕಾರಿ ಮಾರುವ ಹುಸೇನಬಿಯ ಬುಟ್ಟಿಯಿಂದ ಹಾಗಲಕಾಯಿ, ಬಾಳೆಕಾಯಿ, ಚವಳಿಕಾಯಿ, ಪಡವಲಕಾಯಿ, ಸುವರ್ಣಗಡ್ಡೆ ಆರಿಸಿದೆ.

ನಮ್ಮ ಓಣಿಯ ಯಾರ ಮನೆಯಲ್ಲಿ ಅಂದು ಏನು ಕಾರ್ಯವೆಂದು ಕೊಂಡ ತರಕಾರಿಯಿಂದಲೇ ಹೇಳಬಲ್ಲವಳು ಆಕೆ. ಚೀಲ ನೋಡಿ ಕಣ್ಣೊರೆಸಿಕೊಂಡಳು.

"ನಿಮ್ಮಪ್ಪಾರು ಭಾಳ ಛಲೋ ಮನಷ್ಯಾ ಇದ್ರು ನೋಡ್ರಿ."

"ಖರೆ, ಖರೆ," ಎಂದೆ ಹೆಮ್ಮೆಯಿಂದ. ಆಕೆಯ "ಇದ್ರು" ನನ್ನ ಕಿವಿಗೆ ಬೀಳಲೇ ಇಲ್ಲ.

"ಎರಡು ಬಾಳಿಕಾಯಿ ನನ್ನ ಕಡಿಂದ ಇರ್ಲಿ. ಅವರ ಋಣ ಐತಿ," ಎಂದು ಚೀಲಕ್ಕೆ ಹಾಕಿದಳು.

ಮನೆಯಲ್ಲಿ ಚೀಲ ಸುರುವಿದ ಹೆಂಡತಿ ಚೀರಿದಳು. "ಅಯ್ಯ! ಇದು ಯಾರ ತಿಥಿರಿ? ಮಾವನೋರು ಇನ್ನೂ ಗಟ್ಟಿಮುಟ್ಟ ಅದಾರ!"

ಆಗ ಹೊಳೆಯಿತು. ನಮ್ಮಲ್ಲಿ ಹಿರಿಯರ ತಿಥಿಗೆ ಹೂಕೋಸು, ಟೊಮೆಟೊ ನಿಷಿದ್ಧ. ಈ ಐದೇ ಆಗಬೇಕು. ವರ್ಷವರ್ಷವೂ ಅಜ್ಜನ ತಿಥಿಯಲ್ಲಿ ಇವನ್ನೇ ಚಪ್ಪರಿಸಿ ಉಂಡವನು ನಾನು. ಆ ರುಚಿಯೇ ನನ್ನ ಕೈ ಎಳೆದಿರಬೇಕು. ಮತ್ತೆ ಪೇಟೆಗೆ ಓಡೋಣವೆಂದರೆ ಗಂಡಿನವರ ಟಾಂಗಾ ಬಾಗಿಲಿಗೆ ಬಂದೇಬಿಟ್ಟಿತು! ಇದ್ದದ್ದನ್ನೇ ಬೇಯಿಸಿದ್ದಾಯಿತು.

ಎಲೆ ನೋಡಿದ ವರನ ತಂದೆ ಕೈ ಹಿಂದಕ್ಕೆ ತೆಗೆದರು. "ಏನ್ರಿ, ನಮ್ಮನ್ನ ಪಿತೃಗಳಂತ ಕರದೀರೇನು?"

ಅಪ್ಪ ಬೆವರಿದರು. ಬಾಗಿಲ ಸಂದಿಯಲ್ಲಿ ವತ್ಸಲಾಳ ಕಣ್ಣು ತುಂಬಿ ಬಂದಿತ್ತು. ನಗೆಯ ಮಾತಲ್ಲ, ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಅಷ್ಟರಲ್ಲಿ ವರನ ಅಜ್ಜಿ ಎಲೆಯಿಂದ ತಲೆ ಎತ್ತಿದಳು. ಆಗಲೇ ಅರ್ಧ ಖಾಲಿ!

"ಇಂಥಾ ಹಾಗಲಕಾಯಿ ತಿನಬೇಕಂದ್ರ ಮನ್ಯಾಗ ಯಾರರೆ ಸತ್ತಿರಬೇಕೇನು? ನಾ ಇನ್ನೂ ಜೀವಂತ ಇದ್ದೀನಿ, ನನಗೂ ಬಾಯಿ ಅದ. ಹಾಕವಾ, ಇನ್ನಷ್ಟು ಹಾಕು!"

ಅಜ್ಜಿ ಉಂಡ ಮೇಲೆ ಉಳಿದವರೂ ಉಂಡರು. ಸಂಬಂಧ ಕೂಡಿತು! ವರನ ತಂದೆಯದು ಒಂದೇ ಷರತ್ತು: ಮದುವೆಯ ತರಕಾರಿಗೆ ನಾನು ಹೋಗಕೂಡದು.

ಹಾಗಾಗಿ ಮದುವೆಯ ತರಕಾರಿ ತರಲು ಅಪ್ಪನೇ ಪೇಟೆಗೆ ಹೋದರು. ಅವರನ್ನು ಕಂಡು ಹುಸೇನಬಿ ತಕ್ಕಡಿ ಕೈಬಿಟ್ಟಳಂತೆ. "ಯಪ್ಪಾ! ನಿಮ್ಮ ತಿಥಿಗೆ ನಾನೂ ಎರಡು ಬಾಳಿಕಾಯಿ ಕೊಟ್ಟೇನಲ್ರಿ!"

ಮನೆಗೆ ಬಂದ ಅಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇದ್ದಾಗ ತಿಥಿ ಮಾಡ್ದಿ. ಖರೆ ತಿಥಿಗೆ ಹೂಕೋಸು ತರ್ತಿ ನೋಡು, ನನಗ ಗ್ಯಾರಂಟಿ ಅದ!"