ಎಣ್ಣೆ ಡಬ್ಬಿಯೊಳಗಿನ ವಾಲ್ವು

ಬೇಸ್ ಗಿಟಾರ್ ಬಾರಿಸುವವನ ಬದುಕಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಗೆಪಾಟಲಾಗಲು ಅವನು ಬೇರೆ ಏನೂ ಮಾಡಬೇಕಿಲ್ಲ, ಗಿಟಾರನ್ನು ಹೆಗಲಿಗೆ ಹಾಕಿಕೊಂಡು ನಾಲ್ಕು ಜನರ ಮುಂದೆ ನಿಂತರೆ ಸಾಕು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬೈಲಹೊಂಗಲದ ಒಂದು ಆರ್ಕೆಸ್ಟ್ರಾದಲ್ಲಿ ಹಾಗೆ ನಿಂತಿದ್ದೆ. ಆ ದಿನಗಳನ್ನು ನೆನಸಿಕೊಂಡರೆ ಮೊದಲು ನಗು ಬರುತ್ತದೆ, ಆಮೇಲೆ ಕೆಲವರಿಗೆ ಕೈ ಮುಗಿಯಬೇಕು ಅನಿಸುತ್ತದೆ.

೧. ಕಿತ್ತೂರಿನ ವಾಯರು

ನಮ್ಮ ಆರ್ಕೆಸ್ಟ್ರಾದ ಯಜಮಾನರೇ ಮುಖ್ಯ ಗಾಯಕರು. ಹಾಡಿಗೆ ನಿಂತರೆ ಕುತ್ತಿಗೆಯ ನರ ಉಬ್ಬಿಸಿ, ಎರಡು ಓಣಿಯಾಚೆಗೂ ಮುಟ್ಟುವಂತೆ ಹಾಡುವವರು. ಅವರ ದನಿ, ಡ್ರಮ್ಮು, ಢೋಲಕ್ಕು, ತುತ್ತೂರಿ ಇವೆಲ್ಲದರ ಅಡಿಯಲ್ಲಿ ನನ್ನ ಬೇಸ್ ಗಿಟಾರು. ಅಡಿಯಲ್ಲಿ ಅಂದರೆ ಎಷ್ಟು ಅಡಿಯಲ್ಲಿ ಅಂತ ನನಗೂ ಗೊತ್ತಿರಲಿಲ್ಲ.

ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾಗಿದ್ದವು. ಕಿತ್ತೂರಿನ ಒಂದು ಮದುವೆಯಲ್ಲಿ ಹದಿನಾಲ್ಕು ಹಾಡು ಬಾರಿಸಿದೆ. ಅವತ್ತು ಕೈ ಎಷ್ಟು ಹದವಾಗಿ ಓಡಿತ್ತೆಂದರೆ ಎರಡು ಕಡೆ ಕಣ್ಣು ಮುಚ್ಚಿಕೊಂಡು ತಲೆಯನ್ನೂ ತೂಗಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ವಾಯರು ಸುತ್ತಲು ಹೋದೆ. ನನ್ನ ಗಿಟಾರಿನ ವಾಯರಿನ ಇನ್ನೊಂದು ತುದಿ ಮಿಕ್ಸರಿನಿಂದ ಕಿತ್ತು ಬಂದು ಜಮಖಾನೆಯ ಮೇಲೆ ಬಿದ್ದಿತ್ತು. ಮೊದಲನೇ ಹಾಡಿನಲ್ಲೇ ಯಾರೋ ಕಾಲಿಗೆ ತೊಡರಿಸಿಕೊಂಡು ಎಳೆದಿದ್ದಾರೆ. ಉಳಿದ ಹದಿಮೂರು ಹಾಡು ನಾನು ಬಾರಿಸಿದ್ದು ನನಗೊಬ್ಬನಿಗೆ ಮಾತ್ರ.

ಅಷ್ಟರಲ್ಲಿ ಯಜಮಾನರು ಬಂದು ಬೆನ್ನು ತಟ್ಟಿದರು. "ಇವತ್ತ ಬೇಸ್ ಭಾಳ ಛಲೋ ಕೂಡಿತ್ತ ನೋಡು."

ಹೂಂ ಅಂದು ಸುಮ್ಮನಿದ್ದರೆ ದಕ್ಕಿಬಿಡುತ್ತಿತ್ತು. ನಾನು ದಡ್ಡ, ವಾಯರು ತೋರಿಸಿಬಿಟ್ಟೆ. ಅವರು ವಾಯರನ್ನು ನೋಡಿದರು, ನನ್ನನ್ನು ನೋಡಿದರು. "ಹಂಗಾರ ಇಷ್ಟ ವರ್ಷ ಟೆಂಪೋದಾಗ ನಿನ್ನ ಯಾಕ ಹೊತ್ಕೊಂಡ ತಿರಗೇವಿ?"

ಬೆಳಗಾವಿಯಲ್ಲಿ ಒಬ್ಬ ಕೀಬೋರ್ಡಿನವನು ಇದ್ದಾನಂತೆ. ಬಲಗೈಯಲ್ಲಿ ರಾಗ, ಎಡಗೈಯಲ್ಲಿ ಬೇಸು. ಇಬ್ಬರ ಕೆಲಸ, ಒಬ್ಬನ ಊಟ. ಆದರೂ ಯಜಮಾನರು ಮನಸ್ಸಿನಿಂದ ಒಳ್ಳೆಯವರು, ನನಗೊಂದು ಗಡುವು ಕೊಟ್ಟರು. ಈ ಸೀಜನ್ನಿನ ಕೊನೆಯ ಮದುವೆ ರಾಮದುರ್ಗದ ಕಡೆ ಸುರೇಬಾನದಲ್ಲಿ. "ಅಷ್ಟರೊಳಗ ಕೇಳಾಕ ಬಂದ ಮಂದ್ಯಾಗ ಒಬ್ಬರರ ಬಂದು, ಆ ಬೇಸ್ ನಮಗ ಕೇಳಿಸ್ತು ಅನ್ನಬೇಕು. ನೀ ಹೋಗಿ ಕೇಳಿ ಅನಸೂದಲ್ಲ ಮತ್ತ, ತಾವಾಗೇ ಅನ್ನಬೇಕು."

ಯಾರೂ ಅನ್ನದಿದ್ದರೆ ಸೋದರಮಾವನ ಗೊಬ್ಬರದ ಅಂಗಡಿ ಕಾಯುತ್ತಿತ್ತು. ಮಾವ ನಾಲ್ಕು ವರ್ಷದಿಂದ ಕರೆಯುತ್ತಲೇ ಇದ್ದ. ನನ್ನ ಮುಖ ಸಪ್ಪಗಾದದ್ದನ್ನು ನೋಡಿ ಡ್ರಮ್ಮಿನವನು ಸಮಾಧಾನ ಹೇಳಿದ: "ಚಿಂತಿ ಮಾಡಬ್ಯಾಡೋ. ಗೊಬ್ಬರದ ಅಂಗಡ್ಯಾಗ ವಾಯರ್ ಹಚ್ಚೂ ಕೆಲಸನ ಇಲ್ಲ."

೨. ಮಿಸ್ತ್ರಿ ಚಾಚಾ

ತಪ್ಪು ನನ್ನ ಬೆರಳಿನದಾಗಿರಲಿಲ್ಲ. ಬೇಸ್ ಗಿಟಾರಿನಿಂದ ಹೊರಡುವ ದನಿ ಬಹಳ ಸಣ್ಣದು. ಅದು ದೊಡ್ಡ ಆಂಪ್ಲಿಫೈಯರಿಗೆ ಹೋಗುವ ಮೊದಲೇ ಅದನ್ನು ಎತ್ತಿ, ಹದ ಮಾಡಿ ಕೊಡುವ ಒಂದು ಡಬ್ಬಿ ಬೇಕು. ಅದಕ್ಕೆ ಪ್ರಿಆಂಪ್ ಅನ್ನುತ್ತಾರೆ. ಬೆಳಗಾವಿಯ ಅಂಗಡಿಯಲ್ಲಿ ಒಂದು ಟ್ರಾನ್ಸಿಸ್ಟರಿನದು ಹಚ್ಚಿ ನೋಡಿದೆ. ದನಿ ದೊಡ್ಡದಾಯಿತು ನಿಜ, ಆದರೆ ತಗಡು ಬಡಿದ ಹಾಗೆ. ಹಳೆಯ ರೇಡಿಯೋಗಳಲ್ಲಿ ಬಲ್ಬಿನ ಹಾಗೆ ಬೆಳಗುವ ಗಾಜಿನ ಕೊಳವೆ ಇರುತ್ತಿತ್ತಲ್ಲ, ಆ ವಾಲ್ವಿನದು ಬಹಳ ಛಲೋ ಅಂತ ಕೇಳಿದ್ದೆ, ಆದರೆ ಅಂಗಡಿಯವರು ಅದನ್ನು ಫೋಟೋದಲ್ಲಷ್ಟೇ ನೋಡಿದ್ದರು.

ನಮ್ಮ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಒಬ್ಬ ಮಿಸ್ತ್ರಿ ಚಾಚಾ ಇದ್ದರು. ಊರಿನವರೆಲ್ಲ ಹಳೆಯ ವಾಲ್ವ್ ರೇಡಿಯೋಗಳನ್ನು ಗುಜರಿಗೆ ಹಾಕುವಾಗ ಇವರು ಒಂದೊಂದೇ ವಾಲ್ವು ಬಿಚ್ಚಿ, ಅರಳೆಯಲ್ಲಿ ಸುತ್ತಿ, ಮಿಠಾಯಿ ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಒಂದು ಹಳೆಯ ಟೂರಿಂಗ್ ಟಾಕೀಜಿನ ಆಂಪ್ಲಿಫೈಯರಿನ ವಾಲ್ವುಗಳೂ ಅದರಲ್ಲಿದ್ದವು. ನನ್ನ ಕಷ್ಟ ಕೇಳಿ ಕಣ್ಣು ಅರಳಿಸಿದರು.

"ಬೇಟಾ, ಟ್ರಾನ್ಸಿಸ್ಟರ್ ದನಿ ಕತ್ತರಿಸಿ ಕೊಡತೈತಿ. ವಾಲ್ವ್ ಹಂಗಲ್ಲ, ರೊಟ್ಟಿ ಹಿಟ್ಟ ನಾದಿದಂಗ ನಾದಿ ಕೊಡತೈತಿ."

ಶೇಂಗಾ ಎಣ್ಣೆಯ ತಗಡಿನ ಡಬ್ಬಿಯನ್ನು ಕತ್ತರಿಸಿ ಮಡಚಿ ಪೆಟ್ಟಿಗೆ ಮಾಡಿದರು. ಮೇಲೆ ಗಾಳಿಯಾಡಲು ತೂತು, ಮುಂದೆ ದನಿ ಏರಿಸಿ ಇಳಿಸಲು ಹಳೆಯ ರೇಡಿಯೋದ ಎರಡು ಗುಬುಟು, ಪಕ್ಕಕ್ಕೆ ಅಳಿಸದೆ ಉಳಿದ ಶೇಂಗಾಕಾಯಿಯ ಚಿತ್ರ. ನಮ್ಮ ಟೆಂಪೋ ಡ್ರೈವರ್ ಎಂ.ಕೆ. ಹುಬ್ಬಳ್ಳಿ ಅನ್ನುವ ಊರಿನವನು, ಕಬ್ಬಿನ ಸೀಜನ್ನಿನಲ್ಲಿ ಕಬ್ಬು ಹೇರುವವನು. ಪೆಟ್ಟಿಗೆಯನ್ನು ಎತ್ತಿ ನೋಡಿ, "ತೂಕ ಬರೋಬ್ಬರಿ ಐತಿ, ದನಿನೂ ಬರತೈತಿ ಬಿಡ್ರಿ" ಅಂತ ತೀರ್ಪು ಕೊಟ್ಟ.

ಇನ್ನು ವಾಲ್ವು ಆರಿಸುವುದು. ಚಾಚಾ ಒಂದೊಂದೇ ಹಾಕುವರು, ಅದು ಬಿಸಿಯಾಗುವವರೆಗೆ ಕೂಡುವರು, ಆಮೇಲೆ ಪೆನ್ಸಿಲಿನಿಂದ ಅದರ ಗಾಜಿಗೆ ಮೆಲ್ಲಗೆ ಟಕ್ ಅನ್ನುವರು. ಕೆಟ್ಟ ವಾಲ್ವಾದರೆ ಸ್ಪೀಕರಿನಲ್ಲಿ ಠಣ್ ಅಂತ ಗಂಟೆ ಬಾರಿಸಿದ ಸದ್ದು. ನನಗೆ ಆರನೆಯದು ಸರಿ ಕಂಡಿತು. ಅವರು ತಲೆ ಅಲ್ಲಾಡಿಸಿದರು. "ಇದರೊಳಗ ಸಣ್ಣಂಗ ಗುಂಯ್ ಅನ್ನಾಕತ್ತೈತಿ. ನಿನಗ ಕೇಳಸೂದಿಲ್ಲ, ನನಗ ಕೇಳಸತೈತಿ." ಹನ್ನೊಂದನೆಯದನ್ನು ಆರಿಸುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ.

ಆಗ ಒಳಗಿನಿಂದ ಅವರ ಹೆಂಡತಿ ಬಂದು ಬಾಗಿಲಲ್ಲಿ ನಿಂತರು. "ನೋಡಪಾ, ಇವರಿಗಿ ಗಾಜಿನ ಒಳಗಿನ ಗುಂಯ್ ಕೇಳಸತೈತಿ. ಹನ್ನೆರಡರಿಂದ ಊಟಕ್ಕ ಕರ್ಯಾಕತ್ತೇನಿ, ಅದು ಕೇಳಸೂದಿಲ್ಲ."

ಚಾಚಾ ಕೂಲಿ ತೆಗೆದುಕೊಳ್ಳಲಿಲ್ಲ. ಹಳೆಯ ವಾಲ್ವು ಮತ್ತೊಮ್ಮೆ ಬೆಳಗಿತಲ್ಲ, ಅಷ್ಟು ಸಾಕು ಅಂದರು. ಇವತ್ತಿಗೂ ಆ ಉಪಕಾರ ನನ್ನ ಮೇಲಿದೆ.

೩. ಮೊಸರಿನ ಸಾಕ್ಷಿ

ಧನುರ್ಮಾಸದಲ್ಲಿ ಮದುವೆ ಇಲ್ಲ, ಬರೀ ತಾಲೀಮು. ಅದು ಯಜಮಾನರ ಮನೆಯ ಪಡಸಾಲೆಯಲ್ಲಿ. ಆ ವರ್ಷ ಥಂಡಿ ಬಹಳ ಇತ್ತು, ಯಜಮಾನರ ತಾಯಿಗೆ ಹಾಲು ಹೆಪ್ಪಾಗದ್ದೇ ದೊಡ್ಡ ಚಿಂತೆ. ವಾಲ್ವಿನ ಶಾಖಕ್ಕೆ ನನ್ನ ಡಬ್ಬಿ ಬೆಚ್ಚಗಿರುತ್ತಿತ್ತು. ಅದು ಹೇಗೋ ಅವರ ಕಣ್ಣಿಗೆ ಬಿತ್ತು. ಮರುದಿನ ಹೋದರೆ ಡಬ್ಬಿಯ ಪಕ್ಕಕ್ಕೆ ಒತ್ತಿ, ಬಟ್ಟೆ ಸುತ್ತಿದ ಮೊಸರಿನ ಗಡಿಗೆ ಕೂತಿದೆ.

ನನ್ನ ಕೆಲಸವನ್ನು ಮೆಚ್ಚಿದ ಮೊದಲನೇ ಜೀವ ಅದು. ತುಂಬಾ ಖುಷಿಯಾಯಿತು. ಗಿಟಾರ್ ಎತ್ತಿಕೊಳ್ಳುವಷ್ಟರಲ್ಲಿ ಆ ತಾಯಿ ಓಡಿ ಬಂದರು.

"ತಮ್ಮಾ, ಡಬ್ಬಿ ಹಚ್ಚಿಡು. ಆದ್ರ ಬಾರಸಬ್ಯಾಡ! ನಿನ್ನೆ ನೀ ಬಾರಿಸಿ ಬಾರಿಸಿ ಅಡಗಿ ಮನ್ಯಾಗಿನ ಮೊಸರೆಲ್ಲಾ ಅಲಗಾಡಿ ನೀರ ಬಿಟ್ಟಿತ್ತು."

ನಾನು ಯಜಮಾನರ ಹತ್ತಿರ ಓಡಿದೆ. ನೋಡ್ರಿ, ನಿಮ್ಮ ಅವ್ವನವರೇ ತಾವಾಗಿ ಹೇಳಿದರು, ನನ್ನ ಬೇಸು ಮುಟ್ಟಿದೆ ಅಂದೆ. ಅವರು ಮೀಸೆ ತೀಡಿಕೊಂಡು ವಿಚಾರ ಮಾಡಿದರು. "ಅದು ಮುಟ್ಟಿದ್ದು ಅವ್ವಗಲ್ಲ, ಮೊಸರಿಗೆ. ಮೊಸರಿನ ಸಾಕ್ಷಿ ನಾ ಒಪ್ಪಂಗಿಲ್ಲ."

೪. ಸವದತ್ತಿಯ ಗೂಟ

ವಾಲ್ವಿನ ಡಬ್ಬಿಗೆ ಒಂದು ಕೆಟ್ಟ ಚಾಳಿ. ಅರ್ಥಿಂಗ್ ಸರಿ ಇಲ್ಲದಿದ್ದರೆ ಗುಂಯ್ ಅಂತ ಒಂದೇ ಸಮನೆ ಅಳುತ್ತಿತ್ತು. ಅದಕ್ಕೂ ಚಾಚಾ ಉಪಾಯ ಹೇಳಿದ್ದರು. ಕಬ್ಬಿಣದ ಗೂಟವನ್ನು ನೆಲಕ್ಕೆ ಬಡಿದು, ಡಬ್ಬಿಯಿಂದ ಅದಕ್ಕೆ ಒಂದು ತಂತಿ ಕಟ್ಟಿ, ಬುಡಕ್ಕೆ ಉಪ್ಪಿನ ನೀರು ಹಾಕಬೇಕು. ನೆಲ ಹಸಿಯಾದಷ್ಟೂ ಗುಂಯ್ ಕಡಿಮೆ.

ಸವದತ್ತಿಯ ಒಂದು ಮದುವೆಯಲ್ಲಿ ಹಂದರದ ಮೂಲೆಗೆ ಗೂಟ ಬಡಿದೆ. ಒಣ ನೆಲ, ನಾಲ್ಕು ತಂಬಿಗೆ ನೀರು ಹಾಕಿದರೂ ಗುಂಯ್ ಹೋಗಲಿಲ್ಲ. ಸೋತು ಚಹಾ ಕುಡಿಯಲು ಹೋದೆ. ನಾನು ತಂಬಿಗೆಯಿಂದ ಗೂಟಕ್ಕೆ ಬಗ್ಗಿ ಬಗ್ಗಿ ನೀರು ಎರೆಯುವುದನ್ನು ಮದುವೆಮನೆಯ ಹೆಂಗಸರು ದೂರದಿಂದ ನೋಡಿದ್ದಾರೆ. ಹಂದರದಲ್ಲಿ ಹಾಲಗಂಬ ನೆಟ್ಟು ಪೂಜೆ ಮಾಡುವುದು ನಮ್ಮ ಕಡೆ ಪದ್ಧತಿ. ಇದು ಬಾರಿಸುವವರ ಹಾಲಗಂಬ ಇರಬೇಕು, ಪಾಪ, ಗಂಡಸು ಒಬ್ಬನೇ ಪೂಜೆ ಮಾಡುತ್ತಿದ್ದಾನೆ ಅಂತ ಅವರಿಗೆ ಕನಿಕರ ಬಂತು.

ನಾನು ತಿರುಗಿ ಬರುವಷ್ಟರಲ್ಲಿ ಐದು ಜನ ಮುತ್ತೈದೆಯರು ಗೂಟಕ್ಕೆ ಅರಿಷಿಣ ಕುಂಕುಮ ಹಚ್ಚಿ, ಹೂವಿನ ಸರ ಸುತ್ತಿ, ಒಬ್ಬೊಬ್ಬರೂ ಒಂದೊಂದು ಕೊಡ ನೀರು ಸುರಿದು ಆರತಿ ಎತ್ತುತ್ತಿದ್ದರು. ನೆಲ ಕೆಸರಾಗಿತ್ತು. ಗುಂಯ್ ಅನ್ನುವುದು ನಿಂತು ಡಬ್ಬಿ ಶಾಂತವಾಗಿತ್ತು. ನಾನು ಆ ತಾಯಂದಿರಿಗೆ ನಿಜವಾಗಿ ಕೈ ಮುಗಿದೆ. ಅವರು, ಭಕ್ತಿವಂತ ಹುಡುಗ ಅಂದುಕೊಂಡರು.

ಕಾರ್ಯಕ್ರಮ ಮುಗಿದು ಗೂಟ ಕೀಳಲು ಹೋದರೆ ಹಿರಿಯ ಹೆಂಗಸೊಬ್ಬರು ಅಡ್ಡ ಬಂದರು. "ಐದ ದಿವಸ ಕೀಳಬಾರದ್ರಿ, ಮದುಮಕ್ಕಳಿಗಿ ಛಲೋ ಅಲ್ಲ." ಎಷ್ಟು ಹೇಳಿದರೂ ಕೇಳಲಿಲ್ಲ. ಗೂಟವನ್ನು ಅಲ್ಲೇ ಬಿಟ್ಟು ಬಂದೆವು. ಟೆಂಪೋದಲ್ಲಿ ನಾನು ಆಸೆಯಿಂದ ಯಜಮಾನರ ಮುಖ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ಗೂಟಕ್ಕ ಮಾಡಿದ ನಮಸ್ಕಾರ ಗೂಟಕ್ಕ ಮುಟ್ಟೈತಿ. ನಿನಗಲ್ಲ."

೫. ಸುರೇಬಾನ

ಕೊನೆಗೆ ಸುರೇಬಾನದ ಮದುವೆ ಬಂತು. ಟೆಂಪೋದಲ್ಲಿ ನನ್ನ ಎದುರಿಗೇ ಬೆಳಗಾವಿಯ ಕೀಬೋರ್ಡಿನವನು ಕೂತಿದ್ದ. ಒಳ್ಳೆಯ ಹುಡುಗ, ದಾರಿಯಲ್ಲಿ ನನಗೆ ಬಾಳೆಹಣ್ಣನ್ನೂ ಕೊಟ್ಟ. ಆ ಬಾಳೆಹಣ್ಣನ್ನು ಸುಲಿಯದೆ ಕಿಸೆಗೆ ಹಾಕಿಕೊಂಡೆ.

ಅಕ್ಷತೆ ಮುಗಿದು ಊಟದ ಪಂಕ್ತಿ ಶುರುವಾದಾಗ ನಮ್ಮ ಹಾಡು ಶುರು. ಮೊದಲರ್ಧ ನಾನು, ಉಳಿದರ್ಧ ಕೀಬೋರ್ಡಿನವನು, ಹಾಗೆ ಯಜಮಾನರ ಏರ್ಪಾಡು. ಬೇಸ್ ಒಂದಕ್ಕೇ ಅಂತ ತಂದ ದೊಡ್ಡ ಸ್ಪೀಕರ್ ಬಾಕ್ಸನ್ನು ವೇದಿಕೆಯ ಪಕ್ಕ ಇಟ್ಟಿದ್ದೆ. ಅದಕ್ಕೆ ಹೊಂದಿಕೊಂಡು ಒಂದು ಕಟ್ಟಿಗೆಯ ಬಾಕು, ಅದರ ಮೇಲೆ ಮದುಮಗಳ ಅಜ್ಜಿ. ಅವರಿಗೆ ಹತ್ತು ವರ್ಷದಿಂದ ಕಿವಿ ಪೂರ್ತಿ ಮಂದ, ಪಕ್ಕದಲ್ಲಿ ಗರ್ನಾಲು ಹಾರಿಸಿದರೂ ತಿರುಗಿ ನೋಡುವುದಿಲ್ಲ ಅಂತ ಮನೆಯವರು ಮೊದಲೇ ಹೇಳಿದ್ದರು. ಹಾಗಾಗಿ ಅಲ್ಲಿ ಕೂಡಿಸಿದರೆ ತೊಂದರೆಯಿಲ್ಲ ಅಂತ ಕೂಡಿಸಿದ್ದು.

ನಾನು ಜೀವ ಒತ್ತೆಯಿಟ್ಟವನ ಹಾಗೆ ಬಾರಿಸಿದೆ. ವಾಲ್ವು ಡಬ್ಬಿಯ ತೂತಿನಲ್ಲಿ ಕೆಂಪಗೆ ಬೆಳಗುತ್ತಿತ್ತು, ದನಿ ದುಂಡಗೆ ಬರುತ್ತಿತ್ತು. ಪಂಕ್ತಿಯವರು ಮಾತ್ರ ಬುಂದಿ ಕೇಳುತ್ತಿದ್ದರು, ಸಾರು ಕೇಳುತ್ತಿದ್ದರು, ಬೇಸ್ ಬಗ್ಗೆ ಒಬ್ಬರೂ ಚಕಾರ ಎತ್ತಲಿಲ್ಲ. ಅರ್ಧ ಮುಗಿಯಿತು. ಯಜಮಾನರು ಕಣ್ಣಿನಲ್ಲೇ ಸಾಕು ಅಂದರು. ನಾನು ಗಿಟಾರ್ ಇಳಿಸಿ, ಎಲೆಯ ಮುಂದೆ ಹೋಗಿ ಕೂತೆ. ಗೊಬ್ಬರದ ಚೀಲದ ವಾಸನೆ ಆಗಲೇ ಮೂಗಿಗೆ ಬರುತ್ತಿತ್ತು.

ಕೀಬೋರ್ಡಿನವನ ಎರಡೂ ಕೈಯಿನ ಸದ್ದು ಹಾಡಿನ ಸ್ಪೀಕರಿಗೇ ಹೋಗುತ್ತಿತ್ತು, ನನ್ನ ದೊಡ್ಡ ಬಾಕ್ಸು ಸುಮ್ಮನೆ ನಿಂತಿತ್ತು. ಯಜಮಾನರು ಕುತ್ತಿಗೆಯ ನರ ಉಬ್ಬಿಸಿ ಹಾಡಲು ತೊಡಗಿದರು. ಅರ್ಧ ಹಾಡಿಗೆ ಅಜ್ಜಿ ಬಾಕಿನಿಂದ ಎದ್ದರು. ಕೋಲೂರಿಕೊಂಡು ನೇರವಾಗಿ ವೇದಿಕೆಯ ಮುಂದೆ ಹೋಗಿ ನಿಂತು ಕೈ ಎತ್ತಿದರು. ಹಾಡು ನಿಂತಿತು.

"ಯಾಕ ನಿಲ್ಲಿಸಿದ್ರಿ?" ಅಂತ ಕೇಳಿದರು ಅಜ್ಜಿ.

ಯಜಮಾನರಿಗೆ ಅರ್ಥವಾಗಲಿಲ್ಲ. ಮೈಕಿನಲ್ಲೇ ಕೂಗಿದರು, "ಆಯೀ, ನೀವು ಕೈ ಎತ್ತಿದ್ದಕ್ಕ ಈಗ ನಿಲ್ಲಿಸಿದ್ವಿ!" ಅಜ್ಜಿಗೆ ಅದೂ ಕೇಳಿಸಲಿಲ್ಲ. ಎಲೆಯ ಮುಂದೆ ಕೂತಿದ್ದ ನನ್ನ ಕಡೆ ಕೋಲು ತೋರಿಸಿ, ಇನ್ನೊಂದು ಕೈಯನ್ನು ತಮ್ಮ ಎದೆಯ ಮೇಲಿಟ್ಟುಕೊಂಡರು. "ಆ ಹುಡಗ ಇದ್ದಾಗ ಇಲ್ಲಿ ಧಬ್ ಧಬ್ ಅಂತ ಕೇಳಿಸ್ತಿತ್ತು. ಎಷ್ಟ ವರ್ಷ ಆಗಿತ್ತೋ ಏನೋ, ಹಾಡ ಕೇಳಿ. ಅವನ್ಯಾಕ ಎಬ್ಬಿಸಿದ್ರಿ?"

ಮದುಮಗಳ ಅಪ್ಪ ಬುಂದಿಯ ಬುಟ್ಟಿ ಕೆಳಗಿಟ್ಟು ಬಂದರು, ಕಣ್ಣು ತುಂಬಿ ಬಂದಿದ್ದವು. "ಮಾಲಕರ, ನಮ್ಮವ್ವಗ ಏನರ ಕೇಳಿಸ್ತು ಅಂದದ್ದು ಹತ್ತ ವರ್ಷದಾಗ ಇದ ಮೊದಲ. ಅವನ್ನ ಬಾರಸಾಕ ಹಚ್ಚರಿ." ನಾನು ಅರ್ಧ ಊಟಕ್ಕೆ ಎದ್ದು ಕೈ ತೊಳೆದು ಓಡಿದೆ. ನನ್ನ ಕಣ್ಣೂ ಒದ್ದೆಯಾಗಿದ್ದವು, ಅದನ್ನು ಮುಚ್ಚಿಡುವುದೇನಿದೆ. ಎರಡು ಸ್ವರ ಬಾರಿಸಿದೆ. ಅಜ್ಜಿ ಬಾಕಿನ ಮೇಲೆ ಅಂಗೈ ಊರಿ, ಮಗುವಿನ ಹಾಗೆ ನಕ್ಕರು.

ಯಜಮಾನರು ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಅಂದರು, "ಒಬ್ಬರರ ತಾವಾಗೇ ಅನ್ನಬೇಕಂದಿದ್ದೆ, ಅಂದ್ರು. ಇನ್ನ ನಿನ್ನ ಬಿಡಂಗಿಲ್ಲ." ಆಮೇಲೆ ಎದೆಯುಬ್ಬಿಸಿ, ಅಜ್ಜಿಯ ಮುಂದೆಯೇ ನಿಂತು, ತಮ್ಮ ಅತಿ ಎತ್ತರದ ಸ್ವರದಲ್ಲಿ ಹಾಡಲು ಶುರು ಮಾಡಿದರು. ಅಜ್ಜಿ ಅವರ ಮುಖವನ್ನೇ ಬಹಳ ಹೊತ್ತು ನೋಡಿದರು. ಮತ್ತೆ ಮಗನನ್ನು ಕೈಮಾಡಿ ಕರೆದರು.

"ಬಾರಸಾಂವ ಆ ಹುಡಗ ಒಬ್ಬನ ಅದಾನ, ಅವನ್ನ ಬಾರಸಾಕ ಬಿಡ್ರಿ. ಆದ್ರ ಈ ಹಿರ್ಯಾನ ನೋಡೋ ತಮ್ಮಾ, ಆಗಳಿಂದ ಬರೇ ಬಾಯಿ ತಗ್ಯಾಕತ್ತಾನ, ಮುಚ್ಚಾಕತ್ತಾನ. ಭಾಳ ಹಸದಾನ, ಪಾಪ. ಮೊದಲ ಇವಗ ಊಟಕ್ಕ ಕೊಡ್ರಿ."