ಒಂದು ತಿರಸ್ಕೃತ ಮತದ ತನಿಖೆ

ಅಮೆರಿಕದ ಅಧ್ಯಕ್ಷರ ಚುನಾವಣೆಗೂ ನಮ್ಮ ಕನ್ನಡ ಬಳಗದ ಅಧ್ಯಕ್ಷರ ಚುನಾವಣೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇನಿಲ್ಲ. ಅಲ್ಲಿ ಮೊದಲು ಒಂದು ಸಣ್ಣ ರಾಜ್ಯದಲ್ಲಿ ಪಕ್ಷದವರು ಸೇರಿ, ತಮ್ಮ ಅಭ್ಯರ್ಥಿ ಯಾರಾಗಬೇಕೆಂದು ಮತ ಹಾಕುತ್ತಾರೆ. ಅಲ್ಲಿ ಗೆದ್ದವನ ಕಡೆಗೆ ಗಾಳಿ ಬೀಸುತ್ತದೆ. ಆಮೇಲೆ ಉಳಿದ ರಾಜ್ಯಗಳ ಸರದಿ. ಇಲ್ಲಿ ಮೊದಲು ಸಹಮ್, ಮುಂದಿನ ಶುಕ್ರವಾರ ರುಸೈಲ್, ಕೊನೆಗೆ ಮತ್ರಾ. ಒಮಾನಿನ ಕರಾವಳಿಯುದ್ದಕ್ಕೂ ಚದುರಿಹೋದ ಕನ್ನಡಿಗರನ್ನು ಒಂದೇ ದಿನ ಒಂದೇ ಕಡೆ ಸೇರಿಸಲಾಗದೆ ನಾವು ಮಾಡಿಕೊಂಡ ಏರ್ಪಾಡು ಇದು. ಸಹಮ್‌ನಲ್ಲಿ ಗೆದ್ದವರನ್ನು ಉಳಿದೆರಡು ಊರಿನವರು ಇದುವರೆಗೆ ಸೋಲಿಸಿದ್ದಿಲ್ಲ. ಈ ವರ್ಷ ಸಹಮ್‌ನಿಂದ ನಾನು ನಿಂತಿದ್ದೆ. ಗೆಲ್ಲುವ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಇಡೀ ಜೀವನದಲ್ಲಿ ನಾನು ಅನುಮಾನಪಡದೆ ಬಿಟ್ಟ ವಿಷಯ ಅದೊಂದೇ!

ಏಕೆಂದರೆ ಅನುಮಾನವೇ ನನ್ನ ಹೊಟ್ಟೆಪಾಡು. ನಾನು ಸೊಹಾರ್‌ನ ಒಂದು ಪೈಪ್ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಎಂಥ ಮಿರಿಮಿರಿ ಮಿಂಚುವ ಪೈಪ್ ಬಂದರೂ ಬಡಿದು ನೋಡಿ, ಅಳೆದು ನೋಡಿ, ಒಳಗೆ ಇಣುಕಿ ನೋಡಿ, ಅದರ ಚೀಟಿಗೆ ಸಹಿ ಹಾಕಿದ ಮೇಲೆಯೇ ಮುಂದೆ ಬಿಡುವವನು. ಸಹಿ ಇಲ್ಲದ ಕಾಗದ ನಮ್ಮಲ್ಲಿ ಕಾಗದವೇ ಅಲ್ಲ. ಮನೆಯಲ್ಲಿಯೂ ಹಾಗೆಯೇ. ನಾನು ಕಲ್ಲಂಗಡಿ ಕೊಳ್ಳಲು ಹೋದರೆ ಬಡಿದು ಬಡಿದು, ಕೊನೆಗೆ ಅಂಗಡಿಯವನೇ ಹಣ್ಣನ್ನು ನನ್ನ ಕೈಯಿಂದ ಕಿತ್ತಿಟ್ಟುಕೊಳ್ಳುತ್ತಾನೆ.

ನನ್ನ ಎದುರಾಳಿ ಹಮೀದ್ ಭಾಯ್. ಬಂಟ್ವಾಳದ ಕಡೆಯ ಬ್ಯಾರಿಗಳು, ಸಹಮ್ ಪೇಟೆಯಲ್ಲಿ ಪಾತ್ರೆ ಅಂಗಡಿ. ನಮ್ಮ ಯಾವ ಸಮಾರಂಭದ ಊಟವಾದರೂ ಅವರ ಅಂಗಡಿಯ ಕೊಪ್ಪರಿಗೆ ಬರದೆ ಒಲೆ ಹೊತ್ತುವುದಿಲ್ಲ. ಶುಕ್ರವಾರ ಸಂಜೆಯ ಚಹಾ ನಾವಿಬ್ಬರೂ ಒಟ್ಟಿಗೇ ಕುಡಿಯುತ್ತ ಬಂದವರು. ಒಳ್ಳೆಯ ಮನುಷ್ಯ. ಆದರೆ ನಾನು ಬಾಗಲಕೋಟೆಯಲ್ಲಿರುವ ಅವ್ವನಿಗೆ ಫೋನಿನಲ್ಲಿ, “ಈ ಸಲ ವಾರ್ಷಿಕೋತ್ಸವದಾಗ ದೀಪ ಹಚ್ಚಾವ್ನು ನಾನ” ಎಂದು ಆಗಲೇ ಹೇಳಿಬಿಟ್ಟಿದ್ದೆ. ಅವ್ವ ಇಡೀ ಓಣಿಗೆ ಹೇಳಿಬಿಟ್ಟಿದ್ದಳು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಸಹಮ್‌ನಲ್ಲಿ ನಮ್ಮದು ಹನ್ನೊಂದು ಮನೆ. ಮನೆಗೆ ಗಂಡನದೊಂದು, ಹೆಂಡತಿಯದೊಂದು, ಒಟ್ಟು ಇಪ್ಪತ್ತೆರಡು ಮತ. ಒಂದೂ ಮನೆ ಬಿಡದೆ ಹೋಗಿಬಂದೆ. ಎಲ್ಲ ಕಡೆಯೂ ಚಹಾ, ಎಲ್ಲ ಕಡೆಯೂ ಭರವಸೆ. ಲೆಕ್ಕಪತ್ರ ನೋಡಿಕೊಳ್ಳುವ ಗಣೇಶ ಶೆಟ್ಟರಂತೂ ನನ್ನ ಎರಡೂ ಕೈ ಹಿಡಿದು, “ನಮ್ಮ ಮನೆಯಿಂದ ನಿಮಗೆ ಓಟು ಉಂಟು ಮಾರಾಯ್ರೆ, ದೇವರಾಣೆ” ಎಂದರು. ಪಾಪ, ಹಮೀದ್ ಭಾಯ್‌ಗೆ ಅವರ ಮನೆಯ ಎರಡು ಮತವಾದರೂ ಬೀಳಲಿ, ಮರ್ಯಾದೆ ಉಳಿಯಲಿ ಎಂದು ನಾನೇ ಮನಸ್ಸಿನಲ್ಲಿ ಹಾರೈಸಿದೆ.

ಚುನಾವಣೆಯ ನಿಯಮಗಳನ್ನೂ ನಾನೇ ಬರೆದುಕೊಟ್ಟೆ. ಚೀಟಿಯಲ್ಲಿ ಇಬ್ಬರ ಹೆಸರು. ಬೇಕಾದವರ ಮುಂದೆ ಸರಿ ಗುರುತು. ಅದರ ಹೊರತು ಹೆಸರಾಗಲಿ, ಚುಕ್ಕೆಯಾಗಲಿ ಇದ್ದರೆ ಆ ಮತ ತಿರಸ್ಕೃತ. ಯಾರು ಯಾರಿಗೆ ಹಾಕಿದರೆಂದು ಚೀಟಿಯಲ್ಲಿ ಗುರುತು ಹತ್ತಿದರೆ ಆಮಿಷಕ್ಕೆ ದಾರಿಯಾಗುತ್ತದಲ್ಲ! ಚುನಾವಣಾಧಿಕಾರಿಯಾಗಿದ್ದ ರೇವತಿ ಟೀಚರ್, “ಇಷ್ಟೆಲ್ಲ ಬೇಕಾ ಸಾರ್, ನಾವು ನಾವೇ ಅಲ್ವಾ?” ಎಂದರು. ಉಡುಪಿಯವರು, ಇಲ್ಲಿ ಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ನಾವು ನಾವೇ ಆದ್ದರಿಂದಲೇ ಬೇಕು ಎಂದೆ.

ಮತದಾನ ಶೆಟ್ಟರ ಮನೆಯ ಹಾಲ್‌ನಲ್ಲಿ. ಮತಪೆಟ್ಟಿಗೆಯಾಗಿ ಖರ್ಜೂರದ ಖಾಲಿ ಡಬ್ಬಿ. ಅದನ್ನು ತಲೆಕೆಳಗು ಮಾಡಿ, ಬಡಿದು, ಒಳಗೆ ಕೈಯಾಡಿಸಿ ನೋಡಿದೆ. ನನ್ನ ಚೀಟಿ ಹಾಕುವಾಗ ವಹಿಸಬೇಕಾದ ಎಚ್ಚರಿಕೆಯನ್ನೆಲ್ಲ ವಹಿಸಿದೆ. ಎಣಿಕೆ ಶುರುವಾದಾಗ ಎಲ್ಲರೂ ಮೇಜಿನ ಸುತ್ತ ನಿಂತರೆ, ನಾನೊಬ್ಬ ಹಿತ್ತಲ ಬಾಗಿಲಿನಾಚೆ ಕಾವಲು ನಿಂತೆ. ಅಕ್ರಮಗಳೆಲ್ಲ ನಡೆಯುವುದು ಹಿತ್ತಲ ಬಾಗಿಲಿನಿಂದಲೇ ಎಂಬುದು ನನ್ನ ಅಚಲ ನಂಬಿಕೆ.

ಒಳಗೆ ಇದ್ದಕ್ಕಿದ್ದಂತೆ ಸದ್ದಡಗಿತು. ಸ್ವಲ್ಪ ಹೊತ್ತಿನ ಮೇಲೆ ಟೀಚರ್ ಬಾಗಿಲು ತೆರೆದು, ನನ್ನ ಮುಖ ನೋಡದೆ ಹೇಳಿದರು.

“ಹಮೀದ್ ಭಾಯ್ ಹನ್ನೊಂದು. ನೀವು ಹತ್ತು. ಒಂದು ತಿರಸ್ಕೃತ.”

ಹತ್ತು! ಇಪ್ಪತ್ತು ಬರಬೇಕಾದ ಕಡೆ ಹತ್ತು!

ಅದೇ ವಾರ ಅಮೆರಿಕದ ಆ ಮೊದಲ ರಾಜ್ಯದ ಫಲಿತಾಂಶವೂ ಬಂದಿತ್ತು. ಅಲ್ಲಿಯೂ ಇಬ್ಬರು ಹೆಚ್ಚುಕಡಿಮೆ ಸರಿಸಮ, ಕೂದಲೆಳೆಯ ಅಂತರ. ಇಬ್ಬರೂ ಬೇರೆ ಬೇರೆ ವೇದಿಕೆ ಹತ್ತಿ, ಗೆದ್ದದ್ದು ತಾನೇ ಎಂದು ಭಾಷಣ ಮಾಡಿದ್ದನ್ನು ಟಿವಿಯಲ್ಲಿ ಕಣ್ಣಾರೆ ಕಂಡಿದ್ದೆ. ಫ್ಯಾಕ್ಟರಿಯಲ್ಲಿ ನಮ್ಮ ಸೂಪರ್‌ವೈಸರ್ ಸಾಲಿಂ, “ಇಬ್ಬರೂ ಸಮ ಅಂದರೆ ಜನ ಇಬ್ಬರನ್ನೂ ಒಪ್ಪಿದ್ದಾರೆ, ಖಲಾಸ್” ಎಂದು ಹಿಂದಿಯಲ್ಲಿ ಹೇಳಿ ಚಹಾಕ್ಕೆ ಎದ್ದುಹೋಗಿದ್ದ. ಖಲಾಸ್ ಅಂತೆ! ಎರಡು ಪೈಪ್ ಕೂದಲಷ್ಟೂ ವ್ಯತ್ಯಾಸವಿಲ್ಲದೆ ಬಂದರೆ ಅಳತೆಯ ಉಪಕರಣವೇ ಕೆಟ್ಟಿದೆ ಎಂದು ನಮ್ಮ ಕಸುಬು ಹೇಳುತ್ತದೆ. ಸರಿಸಮ ಎಂಬುದು ತಾನಾಗಿ ಬರುವುದಿಲ್ಲ, ಯಾರೋ ತರಿಸುತ್ತಾರೆ.

ಅಮೆರಿಕದ ಮಾದರಿಯಲ್ಲಿಯೇ ಬಳಗದ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೇಳಿಕೆ ಹಾಕಿದೆ: “ಫಲಿತಾಂಶ ಏನೇ ಇರಲಿ, ನೈತಿಕ ಗೆಲುವು ನನ್ನದೇ.” ಮತ್ರಾದ ಯಾರೋ ಒಬ್ಬರು ನಗುವ ಮುಖದ ಚಿತ್ರ ಹಾಕಿ, ಮರುಕ್ಷಣವೇ ಅಳಿಸಿದರು. ಯಾಕೆ ಅಳಿಸಿದರು? ಅನುಮಾನ ಬಂತು.

ತನಿಖೆ ಮನೆಯಿಂದಲೇ ಶುರುವಾಯಿತು. ಹೆಂಡತಿ ಶಕುಂತಲಾ ರೊಟ್ಟಿ ಬಡಿಯುತ್ತಿದ್ದಳು.

“ಆ ಕೆಟ್ಟ ಓಟು ಯಾರದಿರಬಹುದು?”

“ನನಗೇನ್ ಗೊತ್ತ್ರೀ?” ಎಂದಳು. ರೊಟ್ಟಿ ಬಡಿಯುವ ಸದ್ದು ಜೋರಾಯಿತು.

“ಮೇಜಿನ ಹಂತ್ಯಾಕ ನಿಂತಿದ್ದಿ. ನೋಡಿರಬೇಕಲ್ಲ?”

“ನೋಡಿದ್ರೂ ಏನ್ ಮಾಡೋದೈತಿ? ಆಗಿದ್ದಾತು. ಸುಮ್ನ ಉಣ್ಣಾಕ ಬರ್ರಿ.”

ಕಟ್ಟಿಕೊಂಡ ಹೆಂಡತಿಯೂ ಏನನ್ನೋ ಮುಚ್ಚಿಡುತ್ತಿದ್ದಾಳೆ!

ಮರುದಿನ ಶೆಟ್ಟರನ್ನು ಪೆಟ್ರೋಲ್ ಬಂಕಿನಲ್ಲಿ ಹಿಡಿದೆ. “ಆ ಚೀಟಿಯಲ್ಲಿ ಎಂಥದಿತ್ತು?” ಎಂದು ಕೇಳಿದ್ದೇ ತಡ, ಮನುಷ್ಯ ಬೆವರಿದರು. “ಬಿಡಿ ಮಾರಾಯ್ರೆ, ಆದದ್ದು ಆಯ್ತು. ಯಾರದೋ ಕೈತಪ್ಪು” ಎಂದವರೇ ಪೆಟ್ರೋಲ್ ಹಾಕಿಸಿಕೊಳ್ಳುವುದನ್ನೂ ಮರೆತು ಕಾರು ಓಡಿಸಿಕೊಂಡು ಹೋದರು. ಪೆಟ್ರೋಲ್ ಮರೆಯುವಂಥ ರಹಸ್ಯ ಎಂಥದಿರಬಹುದು?

ಇನ್ನು ಉಳಿದದ್ದು ಮೂಲಸ್ಥಾನ. ಸಂಜೆ ಹಮೀದ್ ಭಾಯ್ ಅಂಗಡಿಗೆ ಹೋದೆ. ಮುಂದಿನಿಂದಲ್ಲ. ಪಕ್ಕದ ಬಾಗಿಲಿನಿಂದ ನುಸುಳಿ, ಆಳೆತ್ತರಕ್ಕೆ ಪೇರಿಸಿಟ್ಟಿದ್ದ ಸ್ಟೀಲ್ ಡಬರಿಗಳ ಹಿಂದೆ ಅಡಗಿ ಕಿವಿಗೊಟ್ಟೆ. ಹಮೀದ್ ಭಾಯ್ ಫೋನಿನಲ್ಲಿ ರುಸೈಲ್‌ನ ಯಾರೊಡನೆಯೋ ಮಾತನಾಡುತ್ತಿದ್ದರು. “ಇಲ್ಲ ಇಲ್ಲ, ಅವರಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ನೀವು ಯಾರೂ ಬಾಯಿಬಿಡ್ಬೇಡಿ” ಎಂಬುದು ಸ್ಪಷ್ಟವಾಗಿ ಕೇಳಿಸಿತು. ಸಿಕ್ಕಿಬಿದ್ದರು! ಇನ್ನಷ್ಟು ಕೇಳೋಣವೆಂದು ಮುಂದಕ್ಕೆ ಬಾಗಿದೆ. ಡಬರಿಗಳೂ ಬಾಗಿದವು.

ಆ ಸದ್ದು ಸಮುದ್ರದವರೆಗೂ ಕೇಳಿಸಿರಬೇಕು. ಎದುರಿನ ಮೀನಂಗಡಿಯವರೆಲ್ಲ ಓಡಿಬಂದರು. ಪಾತ್ರೆಗಳ ನಡುವೆ, ತಲೆಯ ಮೇಲೊಂದು ಡಬರಿ ಹೊತ್ತು ನಾನು ಪ್ರತ್ಯಕ್ಷನಾದೆ.

“ಕೊಣ್ಣೂರ ಸರ್! ಪೆಟ್ಟಾಯ್ತಾ?” ಎಂದು ಹಮೀದ್ ಭಾಯ್ ನನ್ನನ್ನು ಎಬ್ಬಿಸಿ ಕೂರಿಸಿದರು. ಯಾಕೆ ಬಂದಿರಿ ಎಂದು ಕೂಡ ಕೇಳಲಿಲ್ಲ. ಅವರ ಹೆಂಡತಿ ಝೊಹರಾ ಚಹಾ ತಂದುಕೊಟ್ಟು, ಮೆಲ್ಲಗೆ ಹೇಳಿದರು: “ಬೇಜಾರು ಮಾಡ್ಬೇಡಿ ಸರ್. ನಾನು ನಿಮಗೇ ಹಾಕಿದ್ದು.”

ಕಟ್ಟಿಕೊಂಡ ಗಂಡನನ್ನು ಬಿಟ್ಟು ನನಗೆ ಮತವಂತೆ! ಇಷ್ಟು ಹಸಿ ಸುಳ್ಳನ್ನು ಚಹಾದ ಜೊತೆಯಲ್ಲಿ ನುಂಗಲು ನಾನೇನು ಮಗುವೇ? ಚಹಾ ಮಾತ್ರ ಕುಡಿದೆ. ಚೆನ್ನಾಗಿಯೇ ಇತ್ತು.

ರುಸೈಲ್‌ನ ಮತದಾನಕ್ಕೆ ಮೊದಲೇ ಸತ್ಯ ಹೊರಬರಬೇಕೆಂದು ತುರ್ತು ಸಭೆ ಕರೆದೆ. ಮತ್ತೆ ಶೆಟ್ಟರ ಹಾಲ್, ಮತ್ತೆ ಇಪ್ಪತ್ತೆರಡೂ ಜನ. ನಾನು ಎದ್ದು ನಿಂತು ಗಂಟಲು ಸರಿಪಡಿಸಿಕೊಂಡೆ.

“ಮಾನ್ಯ ಸದಸ್ಯರೇ, ಅಮೆರಿಕದಂಥ ಅಮೆರಿಕದಲ್ಲಿಯೇ ಫಲಿತಾಂಶ ಇಷ್ಟು ಹತ್ತಿರ ಬಂದಾಗ ಮರುಪರಿಶೀಲನೆ ಕೇಳುತ್ತಾರೆ. ಆ ತಿರಸ್ಕೃತ ಚೀಟಿಯನ್ನು ಎಲ್ಲರೆದುರು ತೋರಿಸಬೇಕು. ಇಷ್ಟು ಸರಳ ನಿಯಮ ಪಾಲಿಸಲಾಗದ ಮೂರ್ಖರು ನಮ್ಮ ಬಳಗದಲ್ಲಿದ್ದರೆ ಅದು ಕನ್ನಡಕ್ಕೇ ಅವಮಾನ!”

ಶಕುಂತಲಾ ನನ್ನ ಅಂಗಿ ಜಗ್ಗಿದಳು. “ಸುಮ್ನ ಕುಂದರ್ರಿ.”

“ಬೇಡ ಸರ್. ಒಂದು ಓಟಿಗೆ ಯಾಕೆ ಇಷ್ಟೆಲ್ಲ? ಬೇಕಾದ್ರೆ ನೀವೇ ಅಧ್ಯಕ್ಷ ಆಗಿ, ನಾನು ಬಿಡ್ತೇನೆ” ಎಂದರು ಹಮೀದ್ ಭಾಯ್. ಅವರು ಬೇಡ ಬೇಡವೆಂದಷ್ಟೂ ನನ್ನ ಅನುಮಾನ ಗಟ್ಟಿಯಾಗುತ್ತ ಹೋಯಿತು. ಅದೇ ಉತ್ಸಾಹದಲ್ಲಿ ಒಂದು ಠರಾವನ್ನೂ ಮಂಡಿಸಿದೆ: “ಮತ ಕೆಡಿಸಿದ ವ್ಯಕ್ತಿ, ಆತ ಎಷ್ಟೇ ದೊಡ್ಡವನಾಗಿರಲಿ, ವಾರ್ಷಿಕೋತ್ಸವದ ಊಟದ ಕೊಪ್ಪರಿಗೆಯನ್ನು ಒಬ್ಬನೇ ತೊಳೆಯತಕ್ಕದ್ದು. ಒಪ್ಪುವವರು ಕೈಯೆತ್ತಿ!”

ಕೈ ಎತ್ತಿದವನು ನಾನೊಬ್ಬನೇ. ಉಳಿದವರೆಲ್ಲ ನೆಲ ನೋಡುತ್ತಿದ್ದರು. ವಿರೋಧಿಸಿ ಯಾರೂ ಮಾತನಾಡದ್ದರಿಂದ ಠರಾವು ಸರ್ವಾನುಮತದಿಂದ ಅಂಗೀಕಾರವಾಗಿದೆ ಎಂದು ನಾನೇ ಘೋಷಿಸಿದೆ.

ರೇವತಿ ಟೀಚರ್ ನಿಟ್ಟುಸಿರಿಟ್ಟು ಬ್ಯಾಗಿನಿಂದ ಚೀಟಿ ತೆಗೆದು ನನ್ನ ಕೈಗಿತ್ತರು. “ನೀವೇ ನೋಡಿ ಸಾರ್.”

ನೋಡಿದೆ. ನನ್ನ ಹೆಸರಿನ ಮುಂದೆ ಅಚ್ಚುಕಟ್ಟಾದ ಸರಿ ಗುರುತು. ಅದರ ಕೆಳಗೆ ನನ್ನ ಸಹಿ. ಸಹಿಯ ಕೆಳಗೆ ತಾರೀಕು. ಪಕ್ಕದಲ್ಲಿ ನನ್ನದೇ ದುಂಡಗಿನ ಅಕ್ಷರದಲ್ಲಿ: ‘ಪರಿಶೀಲಿಸಿ ಒಪ್ಪಲಾಗಿದೆ’.

ಕೈ ತನ್ನ ಪಾಡಿಗೆ ತಾನು ಬರೆದಿತ್ತು! ಇಷ್ಟು ವರ್ಷ ಪೈಪುಗಳ ಚೀಟಿಗೆ ಬರೆದದ್ದನ್ನೇ ಬರೆದಿತ್ತು. ಒಳಗಿದ್ದವರಿಗೆಲ್ಲ ಅದು ಎಣಿಕೆಯ ದಿನವೇ ಗೊತ್ತಾಗಿತ್ತು. ಗೊತ್ತಾಗದೆ ಉಳಿದವನು ಹಿತ್ತಲಲ್ಲಿ ಕಾವಲು ನಿಂತವನೊಬ್ಬನೇ. ನನ್ನ ಮಾನ ಉಳಿಸಲು ಊರಿಗೆ ಊರೇ ಬಾಯಿ ಮುಚ್ಚಿಕೊಂಡಿದ್ದರೆ, ನಾನು ಮನೆ, ಬಂಕು, ಅಂಗಡಿ ಎನ್ನದೆ ಬಾಯಿ ಬಿಡಿಸಲು ನೋಡಿದ್ದೆ.

ಆದರೂ ಬಿದ್ದವನ ಮೀಸೆ ಮಣ್ಣಾಗಬಾರದಲ್ಲ. “ಅಂದರೆ ಇದನ್ನೂ ಸೇರಿಸಿದರೆ ಹನ್ನೊಂದು, ಹನ್ನೊಂದು! ಸರಿಸಮ!” ಎಂದೆ. ಅನ್ನುವಾಗಲೇ ಇನ್ನೊಂದು ಲೆಕ್ಕ ತಲೆಗೆ ಹೊಳೆಯಿತು. ಹನ್ನೊಂದು ಮನೆ. ಹಮೀದ್ ಭಾಯ್‌ಗೆ ಹನ್ನೊಂದು ಮತ. ಮೆಲ್ಲಗೆ ಶಕುಂತಲಾಳ ಕಡೆಗೆ ತಿರುಗಿದೆ.

“ನೀ ಯಾರಿಗೆ ಹಾಕಿದಿ?”

“ಹಮೀದ್ ಭಾಯ್‌ಗೆ” ಎಂದಳು, ಎಲ್ಲರೆದುರಿಗೆ, ಯಾವ ಅಳುಕೂ ಇಲ್ಲದೆ. “ನಮ್ಮಪ್ಪ ತೀರಿಕೊಂಡಾಗ ಟಿಕೆಟ್ ಮಾಡಿಸಿ, ಅಂಗಡಿ ಮುಚ್ಚಿ ಏರ್‌ಪೋರ್ಟಿಗೆ ಬಿಟ್ಟು ಬಂದಾವ್ರು ಯಾರು? ಅವರಿಗೆ ನಮ್ಮ ಮನಿಯಿಂದ ಒಂದ್ ಓಟ್ ಇಲ್ಲಂದ್ರ ಹೆಂಗ್ರೀ? ಝೊಹರಕ್ಕ ನಿಮಗ ಹಾಕ್ಯಾಳ. ನಾವು ಹೆಂಗಸ್ರೆಲ್ಲ ಮೊದಲ ಮಾತಾಡಿಕೊಂಡಿದ್ವಿ. ಮನಿಗೆ ನಿಮಗೊಂದು, ಅವರಿಗೊಂದು. ಇಲ್ಲಿ ಇರೋದ ಹನ್ನೊಂದು ಮನಿ. ಯಾರ ಮನಸ್ಸು ನೋಯಿಸಿ ಯಾರ ಕೂಡ ಬಾಳೇ ಮಾಡೋದು?”

“ಸರಿಸಮ ಬಂದ್ರೆ ಇಬ್ಬರೂ ಆರಾರು ತಿಂಗಳು ಅಧ್ಯಕ್ಷರಾಗಿ ಅಂತ ನಾನೇ ಹೇಳುವುದಿತ್ತು ಸಾರ್” ಎಂದರು ಟೀಚರ್. “ದೀಪ ಹಚ್ಚುವುದು ಮೊದಲ ಆರು ತಿಂಗಳಲ್ಲಿ ಬರ್ತದಲ್ಲ, ಅದು ನಿಮಗೇ ಇರಲಿ ಅಂತ ಹಮೀದ್ ಭಾಯ್ ಕೂಡ ಹೇಳಿದ್ರು, ನಿಮ್ಮ ತಾಯಿ ಕಾಯ್ತಾ ಇದ್ದಾರೆ ಅಂತ. ಆದರೆ ನಿಮ್ಮ ನಿಯಮ ಉಂಟಲ್ಲ. ಚುಕ್ಕೆ ಇದ್ರೂ ತಿರಸ್ಕೃತ.”

ಸಂಚು ನಡೆದಿದ್ದು ನಿಜ. ನನ್ನ ಅನುಮಾನ ಸುಳ್ಳಾಗಿರಲಿಲ್ಲ. ಆದರೆ ಇಡೀ ಸಂಚು ನನ್ನ ಪರವಾಗಿತ್ತು! ಅದನ್ನು ಮುರಿಯಲು ಸಾಧ್ಯವಿದ್ದವನು ನಾನೊಬ್ಬನೇ. ಮುರಿದಿದ್ದೆ.

ಎರಡು ಪಾಲು ಮಾಡಿಕೊಳ್ಳೋಣ ಎಂದು ಹಮೀದ್ ಭಾಯ್ ಆಮೇಲೆಯೂ ಕೈ ಹಿಡಿದು ಕೇಳಿದರು. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. “ವೈಯಕ್ತಿಕ ಕಾರಣಗಳಿಂದ ಕಣದಿಂದ ಹಿಂದೆ ಸರಿಯುತ್ತಿದ್ದೇನೆ” ಎಂದು ಗುಂಪಿನಲ್ಲಿ ಹಾಕಿದೆ. ಈ ಸಲ ಮತ್ರಾದವರು ನಗುವ ಮುಖವನ್ನು ಅಳಿಸಲಿಲ್ಲ.

ವಾರ್ಷಿಕೋತ್ಸವ ಸಹಮ್‌ನ ಒಂದು ತೋಟದಲ್ಲಿ ನಡೆಯಿತು. ಖರ್ಜೂರದ ಮರಗಳ ನಡುವೆ ಶಾಮಿಯಾನ, ವೇದಿಕೆ, ದೀಪ. ಹಮೀದ್ ಭಾಯ್ ದೀಪ ಹಚ್ಚಿದರು. ಅವ್ವ ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದಳು. “ಎಲ್ಲಿ ನಿಂತೀಯೋ? ಕಾಣವಲ್ಲಿ” ಎಂದಳು. “ವ್ಯವಸ್ಥಾ ನೋಡಿಕೊಳ್ಳಾಕತ್ತೀನವ್ವ” ಎಂದೆ. ಸುಳ್ಳೇನಲ್ಲ. ಊಟ ಮುಗಿಯುತ್ತಿದ್ದಂತೆ ಬಿಸಿಬೇಳೆಬಾತಿನ ಕೊಪ್ಪರಿಗೆಯನ್ನು ನಲ್ಲಿಯ ಹತ್ತಿರ ಉರುಳಿಸಿಕೊಂಡು ಬಂದು, ಅರ್ಧ ಮೈ ಒಳಗೆ ತೂರಿಸಿ ತಿಕ್ಕತೊಡಗಿದೆ. ತಳ ಚೆನ್ನಾಗಿ ಸೀದಿತ್ತು. ಇಷ್ಟು ಸೀಯಲು ಕಾರಣವೇನು? ಯಾರಾದರೂ ಬೇಕೆಂದೇ ಉರಿ ಹೆಚ್ಚು ಮಾಡಿದರೇ?

ಅಷ್ಟರಲ್ಲಿ ಅಧ್ಯಕ್ಷರೇ ತೋಳು ಮಡಚಿಕೊಂಡು ಬಂದರು. “ಬಿಡಿ ಸರ್, ಪಾತ್ರೆ ನನ್ನದಲ್ವಾ, ಒಂದು ಕೈ ನಾನೂ ಹಾಕ್ತೇನೆ.”

“ಠರಾವಿನ ಪ್ರಕಾರ ಒಬ್ಬನೇ ತೊಳೀಬೇಕು” ಎಂದೆ, ಒಳಗಿನಿಂದಲೇ. ಅವರು ಹೋಗಲಿಲ್ಲ. ಪಕ್ಕದಲ್ಲಿಯೇ ಒಂದು ಬಕೆಟ್ ಕವುಚಿ ಹಾಕಿ ಕುಳಿತು, ನಮ್ಮ ಶುಕ್ರವಾರದ ಚಹಾವನ್ನು ಅಲ್ಲಿಗೇ ತರಿಸಿದರು.

ತೊಳೆದು ಮುಗಿಸಿ, ನೀರು ಬಸಿದು, ಕೊಪ್ಪರಿಗೆಯನ್ನು ಬೋರಲು ಹಾಕಿದೆ. ಸುತ್ತ ಒಂದು ಸಲ ಬಡಿದು ನೋಡಿದೆ. ಎಲ್ಲೂ ಕರೆಯಿಲ್ಲ. ಸಮಾಧಾನವಾಗಿ, ನನಗೇ ತಿಳಿಯದಂತೆ ಕೈ ಅಂಗಿಯ ಜೇಬಿಗೆ ಹೋಯಿತು.

ಪೆನ್ನು ಇರಲಿಲ್ಲ. ಶಕುಂತಲಾ ಮನೆ ಬಿಡುವಾಗಲೇ ತೆಗೆದಿಟ್ಟುಕೊಂಡಿದ್ದಳು.