ಕುಡಿಯುವ ಮೊದಲು ಎರಡು ಮಾತು

ನಮ್ಮ ಮನೆಯವರು ಮಾತಿನ ಮಲ್ಲರು ಎಂದು ಇಡೀ ಶಿರವಾಳ ಹೇಳುತ್ತದೆ. ಇರಬಹುದು. ಆ ಮಾತನ್ನೆಲ್ಲ ಗುಡಿಯ ಕಟ್ಟೆಯ ಮೇಲೆ ಖರ್ಚು ಮಾಡಿ ಮರಿಲಿಂಗಪ್ಪನವರು ಬರಿಬಾಯಿಯಲ್ಲಿ ಮನೆಗೆ ಬರುತ್ತಾರೆ. ಹೊಸ್ತಿಲೊಳಗೆ ಅವರಿಗಿರುವುದು ಎರಡೇ ಮಾತು: "ನೀರು", "ರೊಟ್ಟಿ". (ಹಬ್ಬದ ದಿನ "ತುಪ್ಪ".) ಮದುವೆಯಾದ ಹೊಸತರಲ್ಲಿ ನಾಚಿಕೆ ಇರಬೇಕು ಅಂದುಕೊಂಡಿದ್ದೆ. ಈಗ ನನ್ನ ಹಲ್ಲು ಉದುರುವ ಕಾಲ ಬಂದಿದೆ, ಅವರ ನಾಚಿಕೆ ಉದುರಿಲ್ಲ.

ಕಿರಿಸೊಸೆ ಉಮಾ ಸರಕಾರಿ ಪರೀಕ್ಷೆಗೆ ಓದುತ್ತಾಳೆ. ಗಟ್ಟಿಯಾಗಿ ಓದಿದರೇ ಅವಳ ತಲೆಗೆ ಹೋಗುವುದು. ನನಗೆ ಅಕ್ಷರ ಹತ್ತಲಿಲ್ಲ, ಕಿವಿ ಮಾತ್ರ ಚುರುಕು. ಅವಳು ಓದುವುದು, ನಾನು ರೊಟ್ಟಿ ಬಡಿಯುತ್ತ ಕೇಳುವುದು. ಒಂದು ದಿನ ಲೋಕದ ದ್ರಾಕ್ಷಾರಸಗಳ ಪಾಠ ಬಂತು.

"ಅತ್ತಿ, ಈಜಿಪ್ಟಿನ ರಾಜರನ್ನ ಹೂಳುವಾಗ ಬಾಜೂಕ ದ್ರಾಕ್ಷಾರಸದ ಗಡಿಗಿ ಇಡತಿದ್ರಂತ. ಗಡಿಗಿ ಮ್ಯಾಲ ಯಾ ವರ್ಷದ್ದು, ಯಾರು ಮಾಡಿದ್ದು ಅಂತ ಬರೀತಿದ್ರಂತ."

"ಮಾಡಿದವರ ಹೆಸರ?" ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನೇ ಮರೆತೆ. ನಾನು ಬಡಿದ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಶಹಾಪುರದ ಗುಡ್ಡದ ಸಮಕ್ಕೆ ಬರುತ್ತವೆ. ಒಂದರ ಮೇಲೂ ಸಾಯಬಮ್ಮ ಎಂಬ ಹೆಸರಿಲ್ಲ.

"ಗ್ರೀಕರ ದೇಶದಾಗ ಗಂಡಸರು ಕೂಡಿ ಕುಂತು, ರಸಕ್ಕ ನೀರು ಬೆರೆಸಿ ಕುಡಕೋತ ಮಾತಾಡತಿದ್ರಂತ. ಹೆಂಡ್ರನ್ನ ಒಳಗ ಬಿಡತಿದ್ದಿಲ್ಲಂತ."

"ಅದು ನಮ್ಮ ಕಟ್ಟಿ ಇದ್ದಂಗೈತಿ. ಮುಂದ ಓದು."

ಫ್ರಾನ್ಸಿನ ಬಳ್ಳಿಗಳ ಬೇರಿಗೆ ಹೇನಿನಂಥ ಹುಳ ಬಿದ್ದು ತೋಟಗಳೆಲ್ಲ ಒಣಗಿದಾಗ, ಅಮೆರಿಕದ ಬೇರಿಗೆ ತಮ್ಮ ಬಳ್ಳಿ ಕಸಿಕಟ್ಟಿ ಉಳಿಸಿಕೊಂಡರಂತೆ. (ನನ್ನ ತವರು ಬೋನಾಳದ ಬಳ್ಳಿಯೊಂದನ್ನು ಶಿರವಾಳದ ಬೇರಿಗೆ ಕಟ್ಟಿದ್ದನ್ನು ಯಾವ ಪುಸ್ತಕವೂ ಬರೆದಿಲ್ಲ.) ಆಮೇಲೆ ಜಾರ್ಜಿಯಾ ಬಂತು.

"ಅಲ್ಲಿ ಎಂಟು ಸಾವಿರ ವರ್ಷದಿಂದ ದ್ರಾಕ್ಷಾರಸ ಮಾಡತಾರಂತ ಅತ್ತಿ. ದೊಡ್ಡ ಹರವಿ ನೆಲದಾಗ ಹೂತು ಅದರಾಗ ಇಡತಾರ. ಕುಡಿಯೂಕಿಂತ ಮೊದಲು ಗ್ಲಾಸ ಎತ್ತಿ, ಯಾರದರ ಬಗ್ಗೆ ಎರಡು ಚಲೋ ಮಾತು ಹೇಳಬೇಕಂತ. ಹೇಳಲಾರದ ಕುಡಿಯಂಗಿಲ್ಲ. ರಿವಾಜ್ ಅದು."

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ನನಗೆ ಬೇಕಾದದ್ದು ರಸವಲ್ಲ, ರಿವಾಜು. ಸಂಜೆಯ ಹೊತ್ತು, ಅಂಗಳದ ಬೇವಿನ ಗಿಡದ ಕೆಳಗೆ ಅವರು ನನ್ನೆದುರಿಗೆ ಕೂತಿದ್ದಾರೆ. ಕೈಯಲ್ಲಿ ಲೋಟ. ಬಾಯಾರಿದೆ. ನನ್ನ ಬಗ್ಗೆ ಎರಡು ಚಲೋ ಮಾತು ಆಡದೆ ಗತ್ಯಂತರವಿಲ್ಲ.

"ಹೂತಿಡೂದು ಹೆಂಗಂತ?" ಎಂದೆ. ಉಮಾ ಓದತೊಡಗಿದಳು. ಅಷ್ಟರಲ್ಲಿ ಹೊರಗಿನಿಂದ ಅಪ್ಪಣೆಯಾಯಿತು: "ನೀರು."

ಕೊಟ್ಟು ಬರುವಷ್ಟರಲ್ಲಿ ಅವಳು ಪುಟ ತಿರುವಿದ್ದಳು. ನಾನೂ ಮತ್ತೆ ಕೇಳಲಿಲ್ಲ. ಹೂತಿಡುವುದನ್ನು ನನಗೆ ಯಾರು ಕಲಿಸಬೇಕು? ಮಾವನವರ ಕಾಲದಿಂದ ನಮ್ಮ ಅಂಗಳದಲ್ಲಿ ಹಗೇವಿದೆ. ನೆಲದೊಳಗಿನ ಆ ಜೋಳದ ಕಣಜದ ಬಾಯಿಗೆ ಮಣ್ಣು, ಸಗಣಿ ಮೆತ್ತುವವಳು ನಾನೇ. ಇರುವೆಯಷ್ಟೇ ಅಲ್ಲ, ಗಾಳಿಯೂ ಒಳಗೆ ಹೋಗಬಾರದು.

ಉಮಾ ಯಾದಗಿರಿಗೆ ಕ್ಲಾಸಿಗೆ ಹೋದ ದಿನ ಕಪ್ಪುದ್ರಾಕ್ಷಿ ತರಿಸಿದೆ. ಕಾಲು ತಿಕ್ಕಿ ತೊಳೆದುಕೊಂಡು ಬುಟ್ಟಿಯಲ್ಲಿಳಿದು ತುಳಿಯುತ್ತಿದ್ದಾಗ ನೆರೆಯ ಮೋನಮ್ಮ ಗೋಡೆಯ ಮೇಲಿಂದ ಇಣುಕಿದಳು.

"ಸಾಯಬಮ್ಮ, ದ್ರಾಕ್ಷಿ ಮ್ಯಾಲ ಯಾಕ ಕುಣಿಯಾಕತ್ತಿ? ತಲಿ ನೆಟ್ಟಗೈತಿಲ್ಲ?"

"ಮೊಣಕಾಲ ನೋವಿಗೆ ಔಷಧ ಮಾಡಾಕತ್ತೇನಿ."

"ಹಚ್ಚೂದೋ, ಕುಡಿಯೂದೋ?"

"ಎರಡೂ."

ಬೇವಿನ ಬುಡದಲ್ಲಿ ಹರವಿ ಹೂತು, ರಸ ಸುರಿದು, ಬಾಯಿಗೆ ಮುಚ್ಚಳವಿಟ್ಟು ಮೆತ್ತಿದೆ. ಅಂಥ ಮೆತ್ತಿಕೆ ನನ್ನ ಜನ್ಮದಲ್ಲೇ ಆಗಿರಲಿಲ್ಲ. ದಿನವೂ ಕಸ ಗುಡಿಸುವ ನೆಪದಲ್ಲಿ ನೆಲಕ್ಕೆ ಕಿವಿಗೊಡುತ್ತಿದ್ದೆ. ಒಳಗೆ ಗುಳುಗುಳು. ಸದ್ಯ, ಅಂಗಳದಲ್ಲಿ ನನ್ನ ಜೊತೆ ಒಂದಾದರೂ ಮಾತಾಡುತ್ತಿತ್ತು. ಅವರು ಏನು ಹೇಳಬಹುದೆಂದು ನಾನೇ ಹೇಳಿಕೊಂಡು ನೋಡುತ್ತಿದ್ದೆ. "ಸಾಯಬಮ್ಮನ ರೊಟ್ಟಿ ತೆಳ್ಳಗ." ಅಷ್ಟಾದರೂ ಸಾಕಿತ್ತು.

ಒಂದು ಮಧ್ಯಾಹ್ನ ಅವರು ಬೇವಿನ ನೆರಳಿಗೆ ಹೊರಸು ಎಳೆದುಕೊಂಡು ಮಲಗಿದ್ದರು. ಧಡ್ ಎಂದಿತು. ಓಡಿಬಂದು ನೋಡಿದರೆ ಮುಚ್ಚಳ ಮಾಯ, ಗಿಡದಿಂದ ಕೆಂಪು ಹನಿ ತೊಟ್ಟಿಕ್ಕುತ್ತಿದೆ, ಬಿಳಿ ಧೋತರ ಕೆಂಪಾಗಿದೆ. ಅವರು ಎದೆ ಹಿಡಿದುಕೊಂಡು ಎದ್ದು ಕೂತು, ಗಾಯ ಹುಡುಕುತ್ತಿದ್ದರು.

ಉಮಾ ಹರವಿಯ ಬಾಯಿ ನೋಡಿದಳು. "ಮೊದಲಿಗೇ ಬಿಗಿ ಮುಚ್ಚೀರೇನತ್ತಿ? ಕುದಿ ಇಳಿಯೂತನ ಗಾಳಿ ಹೋಗಾಕ ಸಂದಿ ಬಿಡಬೇಕಂತ ಅವತ್ತೇ ಓದೀನಲ್ಲ."

"ಅವತ್ತು ಇವರಿಗೆ ನೀರು ಬೇಕಾಗಿತ್ತವ್ವ."

ಅವರು ಮೀಸೆ ನೆಕ್ಕಿ ನೋಡಿ, "ಹುಳಿ" ಅಂದರು. (ಮನೆಯಲ್ಲಿ ಹೊಸ ಮಾತು.) ಧೋತರ ಬದಲಿಸಿ ಕಟ್ಟೆಗೆ ಹೋದರು. ಹರವಿ ಸೀಳಿತ್ತು, ರಸವನ್ನು ನೆಲ ಕುಡಿದಿತ್ತು. ನೆಲ ಯಾರ ಬಗ್ಗೆಯೂ ಏನೂ ಹೇಳಲಿಲ್ಲ.

ಸಂಜೆ ಗುಡಿಗೆ ಎಣ್ಣೆ ಒಯ್ದವಳಿಗೆ ಕಟ್ಟೆಯಿಂದ ಅವರ ದನಿ ಕೇಳಿಸಿತು. ಕಂಬದ ಮರೆಗೆ ನಿಂತೆ.

"ಹರವಿ ಸೀಳೇತಿ, ಆದ್ರ ನಮ್ಮಾಕಿ ಮೆತ್ತಿದ ಮಣ್ಣು ಬಿರಿದಿಲ್ಲ ನೋಡ್ರಿ. ಮುಚ್ಚಳ ಮಣ್ಣಿನ ಸಮೇತ ಇಡಿಯಾಗಿ ಹಾರಿ ಬೇವಿನ ಟೊಂಗಿ ಮ್ಯಾಲ ಕುಂತೈತಿ. ಈ ಸೀಮ್ಯಾಗ ಆಕಿ ಕೈಗೆ ಸರಿಸಾಟಿ ಇಲ್ಲ. ನಾಳಿಂದ ನಿಮ್ಮ ಹಗೇವಿಗೆಲ್ಲ ಆಕಿನ್ನ ಕಳಸತೇನಿ, ಕರೀರಿ."

ಎಲ್ಲರೂ ನಕ್ಕರು. ನಾನು ಎಣ್ಣೆ ಚೆಲ್ಲದಂತೆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಎರಡಲ್ಲ, ಬುಟ್ಟಿ ತುಂಬ ಮಾತು, ಇಡೀ ಊರಿಗೆ ಹಂಚುತ್ತಿದ್ದರು. ಅಷ್ಟರಲ್ಲಿ ನನ್ನನ್ನು ಕಂಡರು. ಬಾಯಿ ಮುಚ್ಚಿತು, ನಾನೇ ಮೆತ್ತಿದ ಹಾಗೆ.

ಮನೆಗೆ ಬಂದು ಹೊರಸಿನ ಮೇಲೆ ಕೂತು, "ನೀರು" ಅಂದರು.

ನೀರು ತಂದೆ. ಕೊಡಲಿಲ್ಲ. "ಎರಡು ಮಾತು ಹೇಳಿ ಕುಡೀರಿ. ರಿವಾಜ್ ಐತಿ."

"ಯಾ ಊರಿನ ರಿವಾಜ?"

"ಜಾರ್ಜಿಯಾದ್ದು."

ನನ್ನ ಮುಖ ನೋಡಿದರು. ಬಾಗಿಲಲ್ಲಿ ನಿಂತಿದ್ದ ಉಮಾಳನ್ನು ನೋಡಿದರು. ಕೊನೆಗೆ ಕೈ ಚಾಚಿ ಲೋಟ ತೆಗೆದುಕೊಂಡು, ಅದರೊಳಗೆ ನೋಡುತ್ತ "ತಣ್ಣಗೈತಿ" ಎಂದು ಗಟಗಟ ಕುಡಿದರು.

"ಮಾವ, ಒಂದೇ ಆತು," ಎಂದಳು ಉಮಾ.

ಖಾಲಿ ಲೋಟ ನನ್ನ ಕಡೆ ಹಿಡಿದರು. "ಇನ್ನಷ್ಟು."

ಅಲ್ಲಿಗೆ ಎರಡಾದವು. ನೀರಿಗೆ ಅಂದದ್ದೋ, ತುಂಬಿಟ್ಟವಳಿಗೆ ಅಂದದ್ದೋ ಎಂದು ಕೇಳಲು ಹೋಗಲಿಲ್ಲ. ಲೋಟ ತೆಗೆದುಕೊಂಡು ಒಳಗಿನ ನೀರಿನ ಹರವಿಯ ಕಡೆ ನಡೆದೆ, ಸ್ವಲ್ಪ ಬೇಗಬೇಗನೇ.